ಪಟ್ಟಾಭಿಯ ಮೂಗು

ವಿಸ್ಕಿ ಪೀಪಾಯಿಯಲ್ಲಿ ವರ್ಷವಿಡೀ ಮಾಗಿಸಿದ ಖಡಕ್ ಏಲ್ ಬಿಯರಿನ ರುಚಿ ನೋಡಲು ಬಲ್ಲವರೆಲ್ಲ ಸೇರಿದ್ದರು. ಕಾಫಿಪುಡಿಗೆ ಚಿಕೋರಿ ಬೆರೆಸಿದ್ದರೂ ಪತ್ತೆಮಾಡಲಾಗದ ಮೂಗು ಪಟ್ಟಾಭಿಯದು. ಆದರೂ ಹೆಂಡತಿಯ ಅಣ್ಣನ ಉಣ್ಣೆ ಕೋಟನ್ನು ಎರವಲು ತಂದು ತೊಟ್ಟು ಬಂದ ಮೇಲೆ ಬಲ್ಲವನಂತೆ ಕಾಣಲೇಬೇಕಿತ್ತು. ಎಲ್ಲರಂತೆ ಅವನೂ ಲೋಟವನ್ನು ಮೇಣದಬತ್ತಿಯ ಬೆಳಕಿಗೆ ಹಿಡಿದು ಬಣ್ಣ ನೋಡಿದ. ಮೊಣಕೈಯನ್ನು ಮೇಜಿನ ಮೇಲೆ ಅಲ್ಲೇ ಊರಿ, ಕಣ್ಣು ಮುಚ್ಚಿ ಮೂಸಿದ. ಜನ್ಮದಲ್ಲಿ ಮೊದಲ ಬಾರಿಗೆ ಏನೋ ಮೂಗಿಗೆ ಬಡಿಯಿತು.

"ಹೊಗೆ," ಎಂದ. "ಸುಟ್ಟ ಮರ. ಅದರ ಹಿಂದೆಯೇ ಸುಟ್ಟ ಕಂಬಳಿ."

"ಪೀಪಾಯೀನ ಒಳಗಡೆ ಸುಟ್ಟಿರ್ತೀವಿ ಸಾರ್. ಅದು ಎಲ್ರಿಗೂ ಸಿಗಲ್ಲ," ಎಂದು ಬಿಯರ್ ತಯಾರಿಸಿದವನು ತಲೆದೂಗಿದ.

"ಕಂಬಳಿ ನನಗೂ ಬಂತು," ಎಂದರು ಎದುರು ಕೂತಿದ್ದ ಹಿರಿಯರು.

ಪಟ್ಟಾಭಿ ಹಿಗ್ಗಿ ಹೀರೇಕಾಯಿಯಾದ. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದಳು:

"ರೀ, ಮೇಣದಬತ್ತಿ ಮೇಲಿಂದ ಕೈ ತೆಗೀರಿ. ನಮ್ಮಣ್ಣನ ಕೋಟು ಸುಡ್ತಿದೆ."