ಗದ್ದಕ್ಕೆ ಕೇಳಿಸಿದ್ದು

"ಶುರು ಮಾಡಮ್ಮ!" ಎಂದು ಸೋದರಮಾವ ಹಿತ್ತಲಿನಿಂದ ಕೂಗಿದರು. ಅವಳು ಆಗಲೇ ಅರ್ಧ ಹಾಡು ನುಡಿಸಿಯಾಗಿತ್ತು.

ಮಂದ್ರ ಸ್ವರದ ಬೇಸ್ ಗಿಟಾರಿನ ಭುಜಕ್ಕೆ ಗದ್ದ ಊರಿ, ಕಣ್ಣು ಮುಚ್ಚಿ ನುಡಿಸುವುದು ಅವಳ ರೂಢಿ. ಹಾಗೆ ಊರಿದರೆ ನಾದ ಮರದೊಳಗಿಂದ ದವಡೆಗೆ, ದವಡೆಯಿಂದ ತಲೆಗೆ ಏರುತ್ತಿತ್ತು, ನೀರಿನಡಿಯಲ್ಲಿ ಯಾರೋ ದೊಡ್ಡ ಗಂಟೆಯನ್ನು ಮೆಲ್ಲಗೆ ತೂಗಿದ ಹಾಗೆ. ಆ ನೀರಿನಿಂದ ಮೇಲೆ ಬರಲು ಅವಳಿಗೆ ಮನಸ್ಸೇ ಇರುತ್ತಿರಲಿಲ್ಲ. ಅಕ್ಕ ಮುಂದೆ ನಿಂತು ಹಾಡುವಾಗಲೂ ಹಿಂದಿನ ಸ್ಟೂಲಿನ ಮೇಲೆ ಹೀಗೇ ಮುಳುಗಿರುತ್ತಿದ್ದಳು. ನಿನ್ನೆ ಅಕ್ಕ ಹಾಡು ನಿಲ್ಲಿಸಿ ಹೇಳಿಯೇಬಿಟ್ಟಳು: "ನೋಡು ಪಿಸು, ನೀನು ನುಡಿಸ್ತೀಯೋ, ಗಿಟಾರ್ ತಬ್ಬಿಕೊಂಡು ನಿದ್ದೆ ಮಾಡ್ತೀಯೋ ನನಗಂತೂ ಗೊತ್ತಾಗಲ್ಲ. ಹಾಡ್ತಾ ಹಾಡ್ತಾ ಕಾಲ ಕೆಳಗೆ ನೆಲಾನೇ ಇಲ್ಲ ಅನ್ನಿಸುತ್ತೆ. ಭಾನುವಾರದ ಕಾರ್ಯಕ್ರಮಕ್ಕೂ ಹೀಗೇ ಆದ್ರೆ ಬೇರೆಯವರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡ." ಪಿಸುಮಾತಿನವಳೆಂದು ಪಿಸು. ಆ ಹೆಸರಿಟ್ಟವಳೂ ಅಕ್ಕನೇ.

ಮಾಮ ಬಾಗಿಲಿಗೆ ಬಂದು ನಿಂತರು. ಆ ಗಿಟಾರನ್ನು ಹಲಗೆಯಿಂದ ಕೊರೆದು ಮಾಡಿಕೊಟ್ಟ ಬಡಗಿ ಅವರೇ. "ಸ್ಪೀಕರ್ ಪಕ್ಕದಲ್ಲೇ ಕೂತಿದ್ದೆ ಕಣೇ. ಸೊಳ್ಳೆ ಗುಂಯ್ ಅಂದಿದ್ದು ಕೇಳಿಸ್ತು. ನಿನ್ನ ದಪ್ಪ ತಂತಿ ಮಾತ್ರ ಉಹೂಂ."

"ನನಗೆ ಜೋರಾಗೇ ಕೇಳಿಸ್ತಲ್ಲ ಮಾಮ?"

"ಗದ್ದ ಎತ್ತಿ ನುಡಿಸು, ನೋಡೋಣ."

ಎತ್ತಿದಳು. ದಪ್ಪ ತಂತಿಯನ್ನು ಮೀಟಿದಳು. ಹಿತ್ತಲಿನ ಸ್ಪೀಕರಿನಿಂದ ಒಣ ಕಡ್ಡಿ ಮುರಿದಂಥ ಸಣ್ಣ ಸದ್ದೊಂದು ಬಂತು, ಅಷ್ಟೇ. ಇಷ್ಟು ದಿನ ನುಡಿಸಿದ್ದೆಲ್ಲ ತನ್ನ ತಲೆಬುರುಡೆಯೊಳಗೇ ಉಳಿದುಬಿಟ್ಟಿತ್ತೆಂದು ತಿಳಿದು ಅವಳ ಕಿವಿ ಬಿಸಿಯಾಯಿತು.

ತಪ್ಪು ಅವಳದೇ. ತಂತಿಯ ಅಲುಗಾಟವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ಪನ್ನು ಎಲ್ಲಿ ಕೂರಿಸಲಿ ಎಂದು ಗಿಟಾರ್ ಮಾಡುವಾಗ ಮಾಮ ಕೇಳಿದ್ದರು. ಅಲ್ಲಿಟ್ಟು ಇಲ್ಲಿಟ್ಟು ಪರೀಕ್ಷಿಸಿದವಳು ಗದ್ದ ಊರಿಕೊಂಡೇ ಪರೀಕ್ಷಿಸಿದ್ದಳು. ಗದ್ದಕ್ಕೆ ಎಲ್ಲಿಟ್ಟರೂ ಒಂದೇ. ಕೈಗೆ ಅಡ್ಡ ಬರದಿದ್ದರೆ ಸಾಕೆಂದು, ತಂತಿಗಳನ್ನು ಬಿಗಿದು ಕಟ್ಟಿದ ತುದಿಯ ಪಕ್ಕವೇ ತೋರಿಸಿದ್ದಳು.

ಮಾಮ ಕಿಟಕಿಯಾಚೆ ಬಟ್ಟೆ ಒಣಹಾಕುವ ತಂತಿಯತ್ತ ಬೆರಳು ಮಾಡಿದರು. ಗಾಳಿಗೆ ನಡುವಿನ ಹೊದಿಕೆ ದೋಣಿಯ ಹಾಯಿಯಂತೆ ತೇಲುತ್ತಿತ್ತು. ಮೊಳೆಯ ಪಕ್ಕದ ಕಾಲುಚೀಲ ಅಲುಗಿದರೆ ಅಲುಗಿತು, ಇಲ್ಲದಿದ್ದರೆ ಇಲ್ಲ.

"ನೀನು ಪಿಕಪ್ಪನ್ನ ಕಾಲುಚೀಲದ ಪಕ್ಕ ಕೂರಿಸಿಕೊಂಡಿದೀಯ."

ಅವಳಿಗೆ ನಗು ಬಂತು, ಅಳುವೂ ಬಂತು.

ಮಧ್ಯಾಹ್ನವೆಲ್ಲ ಉಳಿಯ ಸದ್ದು, ಬಿಸಿಲಿನಲ್ಲಿ ತೇಲುವ ಮರದ ಪುಡಿ. ಪಿಕಪ್ ಗಿಟಾರಿನ ಕತ್ತಿನ ಕಡೆಗೆ, ತಂತಿ ಧಾರಾಳವಾಗಿ ತೂಗುವ ಜಾಗಕ್ಕೆ ಸರಿಯಿತು. ಅದನ್ನು ಏರಿಸಿ ಇಳಿಸುವ ಸ್ಕ್ರೂ ತಿರುಗಿಸಿದವಳು ಅವಳೇ, ಗದ್ದ ಎತ್ತಿಕೊಂಡು. ಪಿಕಪ್ ತಂತಿಗೆ ಹತ್ತಿರವಾದಷ್ಟೂ ಸದ್ದು ಜೋರು. ತೀರಾ ಹತ್ತಿರವಾದರೆ ಅದರೊಳಗಿನ ಆಯಸ್ಕಾಂತ ತಂತಿಯನ್ನೇ ಸೆಳೆದು ಗಂಟಲು ಹಿಸುಕುತ್ತದೆ. ದಪ್ಪ ತಂತಿ ಅಬ್ಬರಿಸದೆ, ಸಣ್ಣ ತಂತಿ ನಾಚದೆ, ನಾಲ್ಕೂ ಒಂದೇ ಮನೆಯ ಮಕ್ಕಳಂತೆ ನುಡಿಯುವವರೆಗೆ ಆ ಕಡೆ ಇಳಿಸಿ ಈ ಕಡೆ ಏರಿಸಿದಳು.

"ಇನ್ಮೇಲೆ ತಪ್ಪಿದ್ರೂ ಎಲ್ಲರಿಗೂ ಕೇಳಿಸುತ್ತೆ ಮಾಮ."

"ಕೇಳಿಸ್ಲಿ ಬಿಡು. ನಡೆಯೋರು ಎಡವದೆ ಕೂತೋರು ಎಡವ್ತಾರಾ?"

ಸಂಜೆ ಅಭ್ಯಾಸದ ಕೋಣೆಯಲ್ಲಿ ಅಕ್ಕ ಎಂದಿನಂತೆ ಬೆನ್ನು ಹಾಕಿ ನಿಂತು ಹಾಡತೊಡಗಿದಳು. ಹಲಗೆ ಹಾಸಿದ ನೆಲದ ಮೇಲೆ ಕಿಟಕಿಯ ಬೆಳಕು ಉದ್ದಕ್ಕೆ ಮಲಗಿತ್ತು. ಪಿಸುವಿನ ಗದ್ದ ತಾನಾಗಿಯೇ ಮರದತ್ತ ವಾಲಿತು. ನೆಟ್ಟಗಾದಳು. ಕಣ್ಣು ತೆರೆದುಕೊಂಡೇ ದಪ್ಪ ತಂತಿಯನ್ನು ಮೀಟಿದಳು.

ನಾದ ನೆಲ ಹಿಡಿದು ಹೊರಟಿತು. ಸ್ಟೂಲಿನ ಕಾಲು ದಾಟಿತು, ಬೆಳಕಿನ ಪಟ್ಟಿಯನ್ನೂ ದಾಟಿತು. ಅಕ್ಕನ ಹಾಡು ಅರ್ಧಕ್ಕೇ ನಿಂತಿತು.

"ಯಾರದು?" ಎಂದಳು, ತಿರುಗದೆಯೇ.

"ನಾನೇ ಅಕ್ಕ."

ಅಕ್ಕ ಒಂದೊಂದಾಗಿ ಎರಡೂ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿ, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಮತ್ತೆ ಮೊದಲಿನಿಂದ ಹಾಡತೊಡಗಿದಳು.