ಚಿನ್ನಿಯನ್ನು ಚೀಲಕ್ಕೆ ಹಾಕಿದ ದಿನ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಸೀನಿಗಿಂತ ಮೊದಲು ಸಿಟ್ಟು ಬರುತ್ತದೆ.

ಬ್ಯಾಡಗಿಯ ನಮ್ಮ ಮನೆಯಂಗಳದಲ್ಲಿ ಆ ಮಧ್ಯಾಹ್ನ ಮೆಣಸಿನಕಾಯಿ ಹರವಿದ್ದರು. ನನಗಿಂತ ಹಿರಿಯಳಾದ ನಮ್ಮ ಬೆಕ್ಕು ಚಿನ್ನಿ ನೇರ ಅದರೊಳಗೇ ನಡೆದು, ಕಣ್ಣು ಉರಿದು ಕಿರುಚಿಕೊಂಡಳು. ಕೆಲವು ದಿನಗಳಿಂದ ಅವಳು ಕಣ್ಣು ಕಾಣದವಳಂತೆ ಬಾಗಿಲಿಗೆ, ಕೊಡಕ್ಕೆ ಹಾಯುತ್ತಿದ್ದಳು. ನಾನು ಹೇಳಿದಾಗಲೆಲ್ಲ ದೊಡ್ಡವರದು ಒಂದೇ ಮಾತು: "ವಯಸ್ಸಾಗೇತಿ, ಬಿಡು."

"ಕುರುಡು ಬೆಕ್ಕು ಯಾತಕ್ಕ ಬೇಕು?" ಎಂದು ಕಾಕಾ, ಊರ ಹೊರಗೆ ಬಿಟ್ಟುಬರಲು ಅವಳನ್ನು ಗೋಣಿಚೀಲಕ್ಕೆ ಹಾಕಿದ. ನಾನು ಚೀಲ ಕಸಿದುಕೊಂಡೆ.

"ಅಜ್ಜಗ ಕಣ್ಣು ಕಾಣದಾಗ ಆಪರೇಷನ್ ಮಾಡಿಸಿದ್ರಿ. ಅವಗೂ ಚೀಲ ತಂದಿದ್ರೇನು?"

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ತಲೆ ತಗ್ಗಿಸಿದ. ಅವ್ವ ಒಳಗಿಂದ ಬುಟ್ಟಿ ತಂದಳು.

ನಾವಿಬ್ಬರೂ ಬಸ್ಸು ಹತ್ತಿ ಚಿನ್ನಿಯನ್ನು ರಾಣೆಬೆನ್ನೂರಿಗೆ ಒಯ್ದೆವು. ಪಶುವೈದ್ಯರು ಬ್ಯಾಟರಿ ಬೆಳಕು ಬಿಟ್ಟರೂ ಅವಳ ಅಗಲವಾದ ಕಣ್ಣಪಾಪೆ ಕುಗ್ಗಲಿಲ್ಲ.

"ಇದು ಬರೇ ವಯಸ್ಸಿಂದಲ್ರೀ ಅವ್ವಾರ. ಬಿಪಿ ಏರಿ ಕಣ್ಣಿನ ಹಿಂದಿನ ಪರದೆ ಕಿತ್ತೇತಿ. ಮೊದಲನೇ ಸಲ ಹಾಯ್ದಾಗನ ತಂದಿದ್ರ ಕಣ್ಣು ಉಳೀತಿದ್ವೋ ಏನೋ. ಈಗ ಜೀವಕ್ಕರ ಗುಳಿಗಿ ಬೇಕು, ತಪ್ಪಸಬ್ಯಾಡ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಹಲ್ಲು ಕಚ್ಚಿಕೊಂಡು ಅತ್ತೆ.

ಮನೆಯಲ್ಲಿ ಕಾಕಾ, "ಬೆಕ್ಕಿಗೂ ಬಿಪಿ ಅಂತ!" ಎಂದು ನಕ್ಕ. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಎದ್ದ.

"ನಗಬ್ಯಾಡ. ಬಾ, ಈ ಕಡೆ ಹಿಡಿ" ಎಂದು ಗದರಿ, ಚಿನ್ನಿ ಓಡಾಡುವ ದಾರಿಯಲ್ಲಿದ್ದ ಕಬ್ಬಿಣದ ಟ್ರಂಕನ್ನು ಕಾಕಾನ ಕೈಯಿಂದಲೇ ಗೋಡೆಗೆ ಸರಿಸಿಸಿದ.