ಸೋಸಿ ಚೆಲ್ಲಿದ್ದು

“ಒಪ್ಪುವವರು ಕೈ ಎತ್ತಿ” ಎಂದರು ವಿಜ್ಞಾನಿಗಳ ಸಭೆಯ ಅಧ್ಯಕ್ಷರು. ಮತಕ್ಕೆ ಬಂದ ಹೊಸ ವ್ಯಾಖ್ಯೆ ಇದು: ಸತ್ತ ಸೂಕ್ಷ್ಮಜೀವಿಗಳ ದೇಹ ಉಳಿದಿದ್ದರೆ ಮಾತ್ರ ಔಷಧಕ್ಕೆ ‘ಪೋಸ್ಟ್‌ಬಯೋಟಿಕ್’ ಎಂಬ ಹೆಸರು. ಅವನ್ನು ಸೋಸಿ ತೆಗೆದ ಬರೀ ತಿಳಿ ದ್ರವಕ್ಕೆ ಆ ಹೆಸರಿಲ್ಲ. ಹಿರಿಯ ಮೇಡಂ ಮೂವತ್ತು ವರ್ಷ ದುಡಿದದ್ದು ಆ ತಿಳಿಗಾಗಿಯೇ. ‘ಪೋಸ್ಟ್‌ಬಯೋಟಿಕ್’ ಎಂದೇ ಚೀಟಿ ಅಂಟಿಸಿದ ಅದರ ಬಾಟಲಿಯೊಂದು ಅವರ ಮುಂದಿತ್ತು.

ಸುತ್ತ ಕೈಗಳು ಎದ್ದವು. ಪಕ್ಕದಲ್ಲಿದ್ದ ಹಳೆಯ ಶಿಷ್ಯೆಯ ಕೈ ಮಾತ್ರ ಮೇಜಿನ ಮೇಲೇ ಉಳಿಯಿತು.

“ನಿನಗೇನನ್ಸುತ್ತೆ?” ಎಂದರು ಮೇಡಂ.

“ಅವರು ಹೇಳೋದೇ ಸರಿ, ಮೇಡಂ.”

“ಹಾಗಾದ್ರೆ ಎತ್ತಮ್ಮ. ಇಷ್ಟು ವರ್ಷ ನಾನು ಸಿಂಕಿಗೆ ಚೆಲ್ಲಿದ್ದೇ ಇವರಿಗೆ ಬೇಕಂತೆ, ನೋಡು.” ನಗಲು ನೋಡಿದ ಮೇಡಂ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು.

ಶಿಷ್ಯೆ ತಲೆ ತಗ್ಗಿಸಿ ಬಲಗೈ ಎತ್ತಿದಳು. ಎಂದೋ ತಾನೇ ದುಂಡಗೆ ಬರೆದುಕೊಟ್ಟಿದ್ದ ಆ ಚೀಟಿಯನ್ನು ಎಡಗೈಯಿಂದ ಮುಚ್ಚಿ ಹಿಡಿದಳು.